ಒಪ್ಪಿಗೆಗೆ ಸಾಕ್ಷಿ ಯಾರು?

ಹುಡುಗನದೊಂದು ಜಾತಿ, ಹುಡುಗಿಯದೊಂದು ಜಾತಿ ಎಂದರೆ ತೊಡಕು ಎಲ್ಲಿದೆಯೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮತವೇ ಬೇರೆಯೆಂದರಂತೂ ಕೇಳುವುದೇ ಬೇಡ. ಆದರೆ ಒಂದೇ ಮತ, ಒಂದೇ ಜ್ಞಾನಸ್ನಾನ, ಅದೇ ಜಪಮಾಲೆ, ಅದೇ ವಿಶ್ವಾಸಪ್ರಮಾಣ, ಇಷ್ಟೆಲ್ಲ ಒಂದಾಗಿದ್ದೂ ಇಬ್ಬರ ಒಲವಿಗೆ ದೇವಾಲಯದ ಬಾಗಿಲೇ ಅಡ್ಡ ಬರುವುದುಂಟೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಸೋಜಿಗಪಡಬೇಕಾದ ಕಾರಣವಿಲ್ಲ. ಸ್ಮಾರ್ತರ ಮನೆಯ ಮಗಳು ಮಾಧ್ವರ ಮನೆಗೆ ಸೊಸೆಯಾಗಿ ಹೋದಾಗ, ಒಂದೇ ಪಕ್ಷದಲ್ಲಿ ಎರಡು ಏಕಾದಶಿಗಳು ಬಂದು, ತವರಿನಲ್ಲಿ ಪಾರಣೆಯ ಎಲೆ ಹಾಕುವ ಹೊತ್ತಿಗೆ ಅತ್ತೆಯ ಮನೆಯಲ್ಲಿ ಒಲೆಯೇ ಹೊತ್ತದಿರುವುದನ್ನು ಕಂಡವರು ನಾವು. ನೆಂಟಸ್ತನ ಹತ್ತಿರವಾದಷ್ಟೂ ಲೆಕ್ಕಾಚಾರ ಸೂಕ್ಷ್ಮವಾಗುತ್ತದೆ.

ಈ ವಾರ ನಾನು ಹೇಳಹೊರಟಿರುವ ಸಂಗತಿ ಪ್ಯಾರಿಸ್ ನಗರದ್ದು. ಅಲ್ಲಿ ಒಬ್ಬ ತರುಣಿ, ಒಬ್ಬ ತರುಣ ಇದ್ದಾರೆಂದು ಭಾವಿಸೋಣ. ಇಬ್ಬರೂ ರೋಮನ್ ಕ್ಯಾಥೊಲಿಕರು. ಅವಳು ಪ್ರತಿ ಭಾನುವಾರ ಮನೆಯ ಹತ್ತಿರದ ಧರ್ಮಕೇಂದ್ರಕ್ಕೆ ಹೋಗಿ, ತನ್ನ ಫ್ರೆಂಚ್ ಭಾಷೆಯಲ್ಲಿ ನಡೆಯುವ ಬಲಿಪೂಜೆಯಲ್ಲಿ ಭಾಗವಹಿಸುತ್ತಾಳೆ. ಅವನು ಲ್ಯಾಟಿನ್ ಪೂಜೆಗಾಗಿ ಐದನೆಯ ವಿಭಾಗದಲ್ಲಿರುವ ಸಂತ ನಿಕೊಲಾ ದ್ಯು ಶಾರ್ದೊನೆ ದೇವಾಲಯಕ್ಕೆ ಹೋಗುತ್ತಾನೆ. ಗ್ರಂಥಾಲಯದಲ್ಲಿ ಆದ ಪರಿಚಯ ಒಡನಾಟವಾಗಿ, ಒಡನಾಟ ಒಲವಾಗಿದೆ. ಇಬ್ಬರೂ ಕಲ್ಪಿತ ವ್ಯಕ್ತಿಗಳು. ಅವರ ತೊಡಕು ಮಾತ್ರ ಕಲ್ಪಿತವಲ್ಲ. ಫ್ರಾನ್ಸಿನಲ್ಲಿಯೂ ಅಮೆರಿಕದಲ್ಲಿಯೂ ಎಷ್ಟೋ ಮನೆಗಳು ಅದನ್ನು ಅನುಭವಿಸಿವೆ.

ಆ ದೇವಾಲಯದ ಕಥೆಯೇ ವಿಚಿತ್ರವಾದುದು. ೧೯೭೭ನೆಯ ಫೆಬ್ರವರಿ ೨೭ರ ಭಾನುವಾರ ಹಳೆಯ ಪೂಜಾಕ್ರಮದ ಪಕ್ಷಪಾತಿಗಳು ವೃದ್ಧ ಗುರುವೊಬ್ಬರ ಮುಂದಾಳುತನದಲ್ಲಿ ಒಳಹೊಕ್ಕು ಅದನ್ನು ವಶಪಡಿಸಿಕೊಂಡರು. ತೆರವು ಮಾಡಬೇಕೆಂದು ನ್ಯಾಯಾಲಯ ಆಜ್ಞೆಯಿತ್ತಿತು; ಆಜ್ಞೆ ಕಾಗದದಲ್ಲಿಯೇ ಉಳಿಯಿತು. ೧೯೦೫ಕ್ಕಿಂತ ಹಿಂದೆ ಕಟ್ಟಿದ ಇಂಥ ದೇವಾಲಯಗಳು ಫ್ರೆಂಚ್ ಕಾನೂನಿನಂತೆ ನಗರಸಭೆಯ ಆಸ್ತಿ. ಹೀಗಾಗಿ ಕಟ್ಟಡ ನಗರದ್ದು, ಹಕ್ಕು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರದು, ಪೂಜೆ ಮಾತ್ರ ಸಂತ ಹತ್ತನೆಯ ಪಯಸ್ ಸಂಘದ ಗುರುಗಳದು ಎಂಬ ಮೂರು ಮುಖದ ವ್ಯವಸ್ಥೆ ದಶಕಗಳ ಕಾಲ ನಡೆದು ಬಂದಿತು. ನಮ್ಮ ತರುಣ ಬಾಲ್ಯದಿಂದ ಮೊಣಕಾಲೂರಿ ಬೆಳೆದದ್ದು ಈ ನೆಲದ ಮೇಲೆ.

ಈ ಸಂಘವನ್ನು ಸ್ಥಾಪಿಸಿದವರು ಫ್ರೆಂಚರಾದ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರ್. ಆಫ್ರಿಕದ ಡಾಕಾರಿನಲ್ಲಿ ಬಹುಕಾಲ ಸೇವೆ ಸಲ್ಲಿಸಿದವರು. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಸ್ವತಃ ಕುಳಿತಿದ್ದವರು. ೧೯೭೦ನೆಯ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೂರ್ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಪಡೆದೇ ಸಂಘವನ್ನು ಆರಂಭಿಸಿದರು. ಆಲ್ಪ್ಸ್ ತಪ್ಪಲಿನ ಎಕೋನ್ ಎಂಬಲ್ಲಿ ಅದರ ಗುರುಮಠ ನೆಲೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು, ೧೯೬೯ರಲ್ಲಿ, ಪೋಪ್ ಆರನೆಯ ಪೌಲರು ಪೂಜಾವಿಧಿಯ ಹೊಸ ಗ್ರಂಥವನ್ನು ಹೊರಡಿಸಿದ್ದರು. ಹಳೆಯ ಕ್ರಮದಲ್ಲಿ ಗುರು ಜನರಿಗೆ ಬೆನ್ನು ಮಾಡಿ, ಬಲಿಪೀಠದ ಕಡೆಗೆ ತಿರುಗಿ, ಮುಖ್ಯ ಪ್ರಾರ್ಥನೆಯನ್ನು ಮೆಲುದನಿಯ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದ. ನಮ್ಮ ಮಂಗಳೂರಿನ ದೇವಾಲಯಗಳಲ್ಲಿಯೂ ಆಗ ಕೇಳಿಬರುತ್ತಿದ್ದುದು ಅದೇ ಲ್ಯಾಟಿನ್. ಕೊಂಕಣಿ ಕನ್ನಡಗಳು ಬಲಿಪೀಠವನ್ನೇರಿದುದು ಅನಂತರ. ಸಂಘ ಹಳೆಯ ಕ್ರಮವನ್ನೇ ಹಿಡಿದು ನಿಂತಿತು. ಭಾರತಕ್ಕೂ ಅದು ಬಂದಿತು. ತಮಿಳುನಾಡಿನ ಪಾಳಯಂಕೋಟೆಯಲ್ಲಿ ಅದರ ಮಠವೂ ಅನಾಥಾಲಯವೂ ಏರ್ಪಟ್ಟವು.

ಜಗಳವೆಲ್ಲ ಲ್ಯಾಟಿನ್ನಿಗಾಗಿ ಎಂದು ತಿಳಿಯುವುದು ಸುಲಭ, ಆದರೆ ಅದು ಅರ್ಧ ಸತ್ಯ. ಮಹಾಸಭೆ ಲ್ಯಾಟಿನ್ನನ್ನು ನಿಷೇಧಿಸಲೇ ಇಲ್ಲ. ಅದನ್ನು ಉಳಿಸಿಕೊಂಡು ದೇಶಭಾಷೆಗಳಿಗೆ ಎಡೆಗೊಡಬಹುದೆಂದಷ್ಟೇ ೧೯೬೩ರಲ್ಲಿ ಹೇಳಿತ್ತು. ಲೆಫೆವ್ರ್ ಅವರ ಆಕ್ಷೇಪ ಇನ್ನೂ ಆಳಕ್ಕೆ ಹೋಗುತ್ತದೆ. ಪ್ರತಿಯೊಬ್ಬನಿಗೂ ಮತಸ್ವಾತಂತ್ರ್ಯದ ಹಕ್ಕಿದೆಯೆಂದು ೧೯೬೫ರಲ್ಲಿ ಸಾರಿದ ಘೋಷಣೆ, ಇತರ ಕ್ರೈಸ್ತ ಪಂಥಗಳೊಡನೆ ಸೌಹಾರ್ದ ಬೆಳೆಸಬೇಕೆಂಬ ನಿಲುವು, ಇವು ಪೂರ್ವದ ಪೋಪರ ಬೋಧನೆಗೆ ವಿರುದ್ಧವೆಂಬುದು ಅವರ ವಾದ. ಆದುದರಿಂದ ನಮ್ಮ ತರುಣಿ ‘ನಾನೂ ನಾಲ್ಕು ಲ್ಯಾಟಿನ್ ಶ್ಲೋಕ ಕಲಿತರಾಯಿತು, ತಲೆಯ ಮೇಲೊಂದು ಮುಸುಕು ಹೊದ್ದರಾಯಿತು’ ಎಂದುಕೊಂಡರೆ, ಅವಳು ಅಂಗಳವನ್ನು ನೋಡಿ ಮನೆಯನ್ನು ಅಳೆದಂತೆ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೭೫ರಲ್ಲಿ ಸಂಘಕ್ಕಿತ್ತಿದ್ದ ಅನುಮತಿಯನ್ನು ಹಿಂತೆಗೆದುಕೊಳ್ಳಲಾಯಿತು. ೧೯೭೬ರಲ್ಲಿ ನಿಷೇಧವನ್ನು ಲೆಕ್ಕಿಸದೆ ಗುರುದೀಕ್ಷೆ ಕೊಟ್ಟುದಕ್ಕಾಗಿ ಲೆಫೆವ್ರ್ ಅವರನ್ನು ಪೌರೋಹಿತ್ಯದ ಕಾರ್ಯಗಳಿಂದ ಅಮಾನತು ಮಾಡಲಾಯಿತು. ೧೯೮೮ನೆಯ ಜೂನ್ ೩೦ರಂದು ಅವರು ಪೋಪರ ಆಜ್ಞೆಯಿಲ್ಲದೆ ನಾಲ್ವರನ್ನು ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿದರು. ರೋಮ್ ಬಹಿಷ್ಕಾರವನ್ನು ಘೋಷಿಸಿತು. ಅದೇ ವರ್ಷ ಅವರ ಅನುಯಾಯಿಗಳಲ್ಲಿ ಕೆಲವರು ಹಿಂದಿರುಗಿ, ಪೋಪರ ಅಧೀನದಲ್ಲಿಯೇ ಹಳೆಯ ಪೂಜೆಯನ್ನು ನಡೆಸುವ ಸಂತ ಪೇತ್ರರ ಸೋದರಸಂಘವನ್ನು ಕಟ್ಟಿಕೊಂಡರು. ಲೆಫೆವ್ರ್ ೧೯೯೧ರಲ್ಲಿ ತೀರಿಕೊಂಡರು. ೨೦೦೯ನೆಯ ಜನವರಿಯಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಆ ನಾಲ್ವರ ಬಹಿಷ್ಕಾರವನ್ನು ತೆಗೆದುಹಾಕಿದರು. ಆದರೆ ಅದೇ ಮಾರ್ಚಿನಲ್ಲಿ ಬರೆದ ಪತ್ರದಲ್ಲಿ, ಸಿದ್ಧಾಂತದ ಪ್ರಶ್ನೆಗಳು ಬಗೆಹರಿಯುವವರೆಗೆ ಸಂಘಕ್ಕೆ ಧರ್ಮಸಭೆಯಲ್ಲಿ ಶಾಸನಬದ್ಧವಾದ ಸ್ಥಾನವಿಲ್ಲವೆಂದೂ ಅದರ ಗುರುಗಳು ನಡೆಸುವ ಸೇವೆ ವಿಧಿಸಮ್ಮತವಲ್ಲವೆಂದೂ ಸ್ಪಷ್ಟಪಡಿಸಿದರು.

ಹಾಗಾದರೆ ನಮ್ಮ ತರುಣ ಏನಾದ? ಬಹಿಷ್ಕೃತನೇ? ಹುಡುಗಿಯ ತಂದೆ ಊಟದ ಮೇಜಿನಲ್ಲಿ ‘ಧರ್ಮಭ್ರಷ್ಟ’ ಎಂದು ಗುಡುಗಿದರೆ ಆಶ್ಚರ್ಯವಿಲ್ಲ. ಆದರೆ ಅದು ನ್ಯಾಯವಲ್ಲ. ಸಂಘ ಗುರುಗಳ ಸಂಘ. ಪೂಜೆಗೆ ಬರುವ ಗೃಹಸ್ಥರು ಅದರ ಸದಸ್ಯರೇ ಅಲ್ಲ. ೧೯೮೮ರ ಬಹಿಷ್ಕಾರವೂ ಅಭಿಷೇಕದಲ್ಲಿ ಪಾಲ್ಗೊಂಡ ಧರ್ಮಾಧ್ಯಕ್ಷರನ್ನು ಹೆಸರಿಸಿದುದು. ಹಳೆಯ ಪೂಜೆಯ ಮೇಲಿನ ಪ್ರೀತಿಯಿಂದ ಅಲ್ಲಿಗೆ ಹೋದ ಮಾತ್ರಕ್ಕೆ ಒಬ್ಬನು ಸಭೆಯ ಹೊರಗಾಗುವುದಿಲ್ಲವೆಂಬ ಅರ್ಥದ ಉತ್ತರಗಳನ್ನು ರೋಮಿನ ಆಯೋಗವೇ ಅನಂತರದ ವರ್ಷಗಳಲ್ಲಿ ಕೊಟ್ಟಿತ್ತು. ಅವನು ಕ್ಯಾಥೊಲಿಕನೇ. ಅವನನ್ನು ಪ್ರೀತಿಸುವುದು ಮತಾಂತರದ ಮಾತಲ್ಲ.

ತೊಡಕು ಬರುವುದು ಮದುವೆಯ ಮಾತು ಬಂದಾಗ. ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಅಮಾನತಾದ ಗುರುವೂ ಗುರುವೇ. ಅವನು ಅರ್ಪಿಸಿದ ಬಲಿಪೂಜೆ ಕ್ರಮಬದ್ಧವಲ್ಲವಾದರೂ ಸಿಂಧುವಾದುದೆಂದು ಸಭೆ ಒಪ್ಪುತ್ತದೆ. ಆದರೆ ಪಾಪನಿವೇದನೆ ಮತ್ತು ವಿವಾಹ ಇವೆರಡಕ್ಕೆ ದೀಕ್ಷೆಯೊಂದೇ ಸಾಲದು, ಅಧಿಕಾರವೂ ಬೇಕು. ನಮ್ಮ ಊರಿನ ಸಬ್ ರಿಜಿಸ್ಟ್ರಾರರನ್ನು ನೆನೆದುಕೊಳ್ಳಿ. ನಿವೃತ್ತರಾದ ಮರುದಿನ ಅವರ ಕೈಬರಹ ಬದಲಾಗುವುದಿಲ್ಲ, ಕಾನೂನಿನ ಜ್ಞಾನ ಕರಗುವುದಿಲ್ಲ, ಮನುಷ್ಯರೂ ಅವರೇ. ಆದರೂ ಅಂದು ಅವರು ರುಜು ಹಾಕಿದ ಕ್ರಯಪತ್ರದಿಂದ ಮನೆ ಯಾರದೂ ಆಗುವುದಿಲ್ಲ.

ಪುರೋಹಿತರು ಮದುವೆ ಮಾಡಿಸುತ್ತಾರೆಂಬ ಭಾವನೆಯಲ್ಲಿ ಬೆಳೆದ ನಮಗೆ ಲ್ಯಾಟಿನ್ ಸಭೆಯ ವಿವಾಹತತ್ತ್ವ ಹೊಸದೆನಿಸುತ್ತದೆ. ಅಲ್ಲಿ ಆ ಸಂಸ್ಕಾರವನ್ನು ನಡೆಸುವವರು ವಧೂವರರೇ. ಅವಳ ‘ಒಪ್ಪಿದೆ’, ಅವನ ‘ಒಪ್ಪಿದೆ’, ಇವೇ ಮದುವೆ. ಗುರು ಆ ಒಪ್ಪಿಗೆಯನ್ನು ಸಭೆಯ ಪರವಾಗಿ ಕೇಳಿ ಸ್ವೀಕರಿಸುವ ಸಾಕ್ಷಿ ಮಾತ್ರ. ಹಾಗಿದ್ದ ಮೇಲೆ ಸಾಕ್ಷಿಯ ವಿಷಯದಲ್ಲಿ ಇಷ್ಟು ಬಿಗಿಯೇಕೆ ಎಂದು ಕೇಳಬಹುದು. ಒಂದು ಕಾಲದಲ್ಲಿ ಬಿಗಿಯಿರಲಿಲ್ಲ. ಇಬ್ಬರು ಗುಟ್ಟಿನಲ್ಲಿ ಮಾತು ಕೊಟ್ಟುಕೊಂಡರೂ ಮದುವೆಯೇ ಆಗುತ್ತಿತ್ತು. ಅನಂತರ ಅವನು ‘ನಾನೆಲ್ಲಿ ಮಾತು ಕೊಟ್ಟೆ?’ ಎಂದು ಬೇರೊಬ್ಬಳ ಕೈಹಿಡಿದರೆ ಮೊದಲನೆಯವಳ ಗತಿಯೇನು? ದುಷ್ಯಂತನಿಗೆ ಉಂಗುರವಾದರೂ ಇತ್ತು. ಅವಳಿಗೆ ಅದೂ ಇರುತ್ತಿರಲಿಲ್ಲ. ಈ ಅನ್ಯಾಯವನ್ನು ತಡೆಯಲೆಂದೇ ಟ್ರೆಂಟ್ ಮಹಾಸಭೆ ೧೫೬೩ರಲ್ಲಿ, ಸ್ಥಳದ ಧರ್ಮಗುರು ಅಥವಾ ಅಧಿಕೃತನಾದ ಇನ್ನೊಬ್ಬ ಗುರು ಮತ್ತು ಇಬ್ಬರು ಅಥವಾ ಮೂವರು ಸಾಕ್ಷಿಗಳ ಮುಂದೆ ಕೊಟ್ಟ ಒಪ್ಪಿಗೆಯಷ್ಟೇ ಮದುವೆಯೆಂದು ಕಟ್ಟಳೆ ಮಾಡಿತು. ಆ ಕಟ್ಟಳೆ ಪ್ರಕಟವಾಗದ ನಾಡುಗಳಿನ್ನೂ ಉಳಿದಿದ್ದವು. ೧೯೦೭ರಲ್ಲಿ ಹೊರಟು ೧೯೦೮ರ ಈಸ್ಟರಿನಿಂದ ಜಾರಿಗೆ ಬಂದ ಶಾಸನ ಅದನ್ನು ಬಹುಮಟ್ಟಿಗೆ ಲೋಕದ ಎಲ್ಲ ಕಡೆಗೂ ವಿಸ್ತರಿಸಿತು. ಆಗ ಪೀಠದಲ್ಲಿದ್ದ ಪೋಪರು ಯಾರು ಬಲ್ಲಿರಾ? ಹತ್ತನೆಯ ಪಯಸ್! ಯಾವ ಸಂತನ ಹೆಸರನ್ನು ಈ ಸಂಘ ಹೊತ್ತಿದೆಯೋ, ಅದೇ ಸಂತನ ಕಾಲದ ಶಾಸನ ಸಂಘದ ಮದುವೆಗಳ ದಾರಿಯಲ್ಲಿ ಕಲ್ಲಾಗಿ ನಿಂತಿತು. ಇತಿಹಾಸಕ್ಕೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳುವರು?

೧೯೮೩ರ ಧರ್ಮಸಂಹಿತೆಯ ೧೧೦೮ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಸಂಘದವರು ಇದಕ್ಕೆ ಉತ್ತರವಾಗಿ ೧೧೧೬ನೆಯ ವಿಧಿಯನ್ನು ಎತ್ತಿ ಹಿಡಿಯುತ್ತ ಬಂದರು. ಅಧಿಕಾರವುಳ್ಳ ಸಾಕ್ಷಿ ತೀವ್ರ ತೊಂದರೆಯಿಲ್ಲದೆ ದೊರೆಯದಿದ್ದರೆ, ಆ ಸ್ಥಿತಿ ಒಂದು ತಿಂಗಳು ಮುಂದುವರಿಯುವ ಸಂಭವವಿದ್ದರೆ, ಬರಿಯ ಇಬ್ಬರು ಸಾಕ್ಷಿಗಳ ಮುಂದೆಯೂ ಮದುವೆಯಾಗಬಹುದೆಂದು ಅದರಲ್ಲಿದೆ. ನಂಬಿಕೆಗೆ ಬಂದ ಆಪತ್ತೇ ಆ ತೀವ್ರ ತೊಂದರೆಯೆಂಬುದು ಅವರ ವ್ಯಾಖ್ಯಾನ. ಕಾಡಿನಲ್ಲಿರುವವರಿಗೆಂದು ಬರೆದ ಸೌಕರ್ಯವನ್ನು, ಬೀದಿಗೊಂದು ಧರ್ಮಕೇಂದ್ರವಿರುವ ಪ್ಯಾರಿಸಿನಲ್ಲಿ ಬಳಸುವುದನ್ನು ಧರ್ಮಪ್ರಾಂತ್ಯಗಳ ನ್ಯಾಯಪೀಠಗಳು ಸಾಮಾನ್ಯವಾಗಿ ಒಪ್ಪಲಿಲ್ಲ.

ಇದು ಶಾಸ್ತ್ರಿಗಳ ತರ್ಕವಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಫ್ರಾನ್ಸಿನಲ್ಲಿ ೧೭೯೨ರಿಂದಲೂ ಮದುವೆ ಸರಕಾರದ ದಾಖಲೆಗೆ ಸೇರಿದುದು. ಪುರಭವನದಲ್ಲಿ ರುಜುವಾದ ಮೇಲೆಯೇ ದೇವಾಲಯ. ಆದುದರಿಂದ ದೇವಾಲಯದ ವಿಧಿ ಹೇಗೇ ಇರಲಿ, ಹೆಂಡತಿಯ ಆಸ್ತಿಹಕ್ಕಿಗಾಗಲಿ ಮಕ್ಕಳ ಹಕ್ಕಿಗಾಗಲಿ ಕಾನೂನಿನಲ್ಲಿ ಕುಂದಿಲ್ಲ. ಕುಂದು ಬರುವುದು ನಂಬುವವರ ಮನಸ್ಸಿಗೆ. ಹನ್ನೆರಡು ವರ್ಷ ಸಂಸಾರ ಮಾಡಿ, ಮೂರು ಮಕ್ಕಳನ್ನು ಹೆತ್ತ ಮೇಲೆ, ಗಂಡನಿಗೆ ಮನಸ್ಸು ತಿರುಗಿತೆನ್ನಿ. ಅವನು ಧರ್ಮಪ್ರಾಂತ್ಯದ ನ್ಯಾಯಪೀಠಕ್ಕೆ ಹೋಗಿ, ನಮ್ಮ ಮದುವೆಗೆ ಅಧಿಕೃತ ಸಾಕ್ಷಿಯೇ ಇರಲಿಲ್ಲವೆಂದು ಒಂದು ಕಾಗದ ಇಟ್ಟರೆ, ಆ ಮದುವೆ ಆರಂಭದಿಂದಲೂ ಇರಲೇ ಇಲ್ಲವೆಂಬ ತೀರ್ಪು ಬರಬಹುದು. ಟ್ರೆಂಟಿನ ಪಿತೃಗಳು ಯಾವ ಹೆಣ್ಣಿನ ರಕ್ಷಣೆಗಾಗಿ ಬೇಲಿ ಕಟ್ಟಿದರೋ, ಆ ಬೇಲಿಯ ಗೂಟದಿಂದಲೇ ಅವಳಿಗೆ ಪೆಟ್ಟು ಬಿದ್ದಂತಾಯಿತು. ಪ್ರಣಯಕಾಲದಲ್ಲಿ ‘ಇದೆಲ್ಲ ದೊಡ್ಡವರ ಜಗಳ, ನಮಗೇಕೆ?’ ಎಂದು ನಕ್ಕು ತಳ್ಳಿಹಾಕಿದ ಪ್ರಶ್ನೆ ಇದೇ.

ಈ ಕಷ್ಟವನ್ನು ಪೋಪ್ ಫ್ರಾನ್ಸಿಸರು ಕಂಡರು. ೨೦೧೫ರಲ್ಲಿ ಅವರು ಸಂಘದ ಗುರುಗಳ ಬಳಿ ಮಾಡಿದ ಪಾಪನಿವೇದನೆ ಕರುಣೆಯ ವರ್ಷದಲ್ಲಿ ಸಿಂಧುವೆಂದು ಸಾರಿದರು. ೨೦೧೬ರಲ್ಲಿ ಆ ಅನುಗ್ರಹವನ್ನು ವರ್ಷದ ಮಿತಿಯಿಲ್ಲದೆ ಮುಂದುವರಿಸಿದರು. ೨೦೧೭ನೆಯ ಏಪ್ರಿಲಿನಲ್ಲಿ ಮದುವೆಗೂ ದಾರಿ ತೆರೆಯಿತು. ಸ್ಥಳದ ಧರ್ಮಾಧ್ಯಕ್ಷರು ತಮ್ಮ ಧರ್ಮಪ್ರಾಂತ್ಯದ ಗುರುವೊಬ್ಬನನ್ನು ನೇಮಿಸಬಹುದು; ಅವನು ವಧೂವರರ ಒಪ್ಪಿಗೆಯನ್ನು ಸ್ವೀಕರಿಸಿದ ಬಳಿಕ ಸಂಘದ ಗುರು ಹಳೆಯ ಕ್ರಮದಲ್ಲಿ ಬಲಿಪೂಜೆ ಅರ್ಪಿಸಬಹುದು. ಅಂಥ ಗುರು ದೊರೆಯದಿದ್ದರೆ ಸಂಘದ ಗುರುವಿಗೇ ಧರ್ಮಾಧ್ಯಕ್ಷರು ಅಧಿಕಾರ ಕೊಡಬಹುದು. ಎಷ್ಟು ಸರಳವಾದ ಉಪಾಯ! ಆದರೆ ಸರಳವಾದುದನ್ನು ಎಲ್ಲರೂ ಸರಳವಾಗಿ ಸ್ವೀಕರಿಸುವುದಿಲ್ಲ. ಫ್ರಾನ್ಸಿನಲ್ಲಿ ಸಂಘದ ಏಳು ಮಂದಿ ಹಿರಿಯ ಗುರುಗಳು ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸಂಘದ ಮುಖ್ಯಸ್ಥರು ಅವರನ್ನು ಆ ಹೊಣೆಗಳಿಂದ ಬಿಡಿಸಿದರು. ನಮ್ಮ ತರುಣ ಹೋಗುತ್ತಿದ್ದ ದೇವಾಲಯದ ಹೊಣೆ ಹೊತ್ತ ಗುರುಗಳೂ ಆ ಏಳು ಮಂದಿಯಲ್ಲೊಬ್ಬರು. ಹೀಗಿರುವಾಗ ಇಬ್ಬರು ಪ್ರೇಮಿಗಳ ನಡುವೆ ಮಾತು ಬಿಸಿಯಾದರೆ ತಪ್ಪೇನು?

ಇಬ್ಬರ ಮನಸ್ಸನ್ನೂ ನೋಡೋಣ. ‘ಇಂದು ಕೊಟ್ಟುದನ್ನು ನಾಳೆ ಕಸಿದುಕೊಳ್ಳುತ್ತಾರೆ’ ಎಂಬುದು ಅವನ ಅಂಜಿಕೆ. ಅದು ನಿರಾಧಾರವೆನ್ನುವಂತಿಲ್ಲ. ೨೦೦೭ರಲ್ಲಿ ಬೆನೆಡಿಕ್ಟರು ಹಳೆಯ ಪೂಜೆಗೆ ಉದಾರವಾಗಿ ಅವಕಾಶವಿತ್ತರು. ೨೦೨೧ರಲ್ಲಿ ಫ್ರಾನ್ಸಿಸರು ಅದನ್ನು ಬಿಗಿಗೊಳಿಸಿದರು. ಪೋಪರಿಗೆ ವಿಧೇಯರಾಗಿ ಹಳೆಯ ಕ್ರಮ ನಡೆಸುತ್ತಿದ್ದವರಿಗೇ ಇಕ್ಕಟ್ಟು ಬಂದುದನ್ನು ಕಂಡವನಿಗೆ, ತನ್ನ ತಂದೆತಾಯಿಗಳು ಹಿಡಿದ ದಾರಿಯೇ ಭದ್ರವೆನಿಸಿದರೆ ಅದು ಹಟವೊಂದರ ಫಲವಲ್ಲ. ಅವಳ ನೋವೂ ಅಷ್ಟೇ ನಿಜ. ತನ್ನ ಅಜ್ಜಿಯ ಉತ್ತರಕ್ರಿಯೆ ನಡೆದ, ತಾನು ಮೊದಲ ಪರಮಪ್ರಸಾದ ಪಡೆದ ಬಲಿಪೀಠದ ಪೂಜೆಗೆ ಹೋಗದಿರುವುದೇ ಲೇಸೆಂದು ಅವನ ಗುರುಗಳು ಬೋಧಿಸುತ್ತಾರೆ. ಅದನ್ನು ಕೇಳಿ ಯಾವ ಮಗಳ ಮನಸ್ಸು ಮುದುಡದು? ಅವಳ ತಂದೆಗೆ ಇನ್ನೊಂದು ನೆನಪೂ ಇದೆ. ೧೯೮೮ರಲ್ಲಿ ಅಭಿಷಿಕ್ತರಾದ ನಾಲ್ವರಲ್ಲೊಬ್ಬರಾದ ರಿಚರ್ಡ್ ವಿಲಿಯಮ್ಸನ್ ನಾಜಿಗಳು ಯೆಹೂದ್ಯರನ್ನು ವಿಷಾನಿಲದಿಂದ ಕೊಂದುದನ್ನೇ ಅಲ್ಲಗಳೆದ ಸಂದರ್ಶನ ೨೦೦೯ನೆಯ ಜನವರಿಯಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಸಂಘವೇ ಅವರನ್ನು ೨೦೧೨ರಲ್ಲಿ ಹೊರಹಾಕಿತು. ಈ ಎರಡನೆಯ ಸಂಗತಿಯನ್ನು ತಂದೆ ಮರೆಯಬಾರದು. ಮೊದಲನೆಯದನ್ನು ತರುಣ ಮರೆಯಬಾರದು.

ಇಂಥ ಒಡನಾಟದಲ್ಲಿರುವವರಿಗೆ ಹೇಳಬೇಕಾದುದು ಇಷ್ಟು. ಉಂಗುರ ಬದಲಾಯಿಸುವ ಮೊದಲೇ ನಾಲ್ಕು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಲಿ. ನಮ್ಮ ಒಪ್ಪಿಗೆಗೆ ಸಾಕ್ಷಿ ಯಾರು? ಮದುವೆಯಾದ ಮೊದಲ ಭಾನುವಾರ ಯಾವ ಬಾಗಿಲು? ಮಕ್ಕಳು ಸಂಘದ ಶಾಲೆಗೋ, ಬೀದಿಯ ಶಾಲೆಗೋ? ನಿಮ್ಮ ಮನೆಯವರ ಮದುವೆ ಮರಣಗಳು ಹೊಸ ಕ್ರಮದಲ್ಲಿ ನಡೆದಾಗ ನಾನು ಪಕ್ಕದಲ್ಲಿ ನಿಲ್ಲುವೆನೋ, ಹೊರಗೆ ನಿಲ್ಲುವೆನೋ? ‘ಮದುವೆಯಾದ ಮೇಲೆ ತಾನೇ ಸರಿಹೋಗುತ್ತಾನೆ’ ಎಂಬ ನೆಚ್ಚಿಕೆ ನಮ್ಮ ಕಡೆಯ ತಾಯಂದಿರಿಗೆ ಮಾತ್ರ ಮೀಸಲಾದುದಲ್ಲ. ಪ್ಯಾರಿಸಿನಲ್ಲಿಯೂ ಅದು ಮನೆ ಮುರಿದಿದೆ. ಪ್ರೀತಿಯನ್ನು ತೋರಿಸಲೆಂದು ಒಬ್ಬರು ತಮ್ಮ ಆತ್ಮಸಾಕ್ಷಿಯನ್ನು ಹಸೆಯ ಮೇಲೆ ಕಾಣಿಕೆಯಿಡುವುದೂ ಬೇಡ. ಹಾಗೆ ಕೊಟ್ಟುದನ್ನು ಮನಸ್ಸು ಒಂದು ದಿನ ಬಡ್ಡಿಸಮೇತ ಮರಳಿ ಕೇಳುತ್ತದೆ. ಅವಳು ಅವನ ಪೂಜೆಯನ್ನು ಒಮ್ಮೆ ನೋಡಲಿ. ಆ ಮೌನದಲ್ಲಿ ಅವನು ಏನನ್ನು ಪ್ರೀತಿಸುತ್ತಾನೆಂಬುದು ತಿಳಿದೀತು. ಅವನು ಅವಳ ಧರ್ಮಕೇಂದ್ರದಲ್ಲಿ ಹಿಂದಿನ ಸಾಲಿನಲ್ಲಾದರೂ ಒಮ್ಮೆ ಕುಳಿತುಕೊಳ್ಳಲಿ. ಅಲ್ಲಿಯೂ ಮೊಣಕಾಲೂರುವವರಿದ್ದಾರೆಂಬುದನ್ನು ಕಣ್ಣಾರೆ ಕಂಡಾನು. ಅವನಿಗೆ ಮನಸ್ಸು ಒಪ್ಪದಿದ್ದರೆ, ಅದೂ ಉಂಗುರಕ್ಕೆ ಮೊದಲೇ ಅವಳಿಗೆ ತಿಳಿಯುವುದು ಒಳ್ಳೆಯದು.

ನಾಲ್ಕರಲ್ಲಿ ಮೂರು ಪ್ರಶ್ನೆಗಳಿಗೆ ಗಂಡಹೆಂಡಿರು ಕಾಲಕ್ರಮದಲ್ಲಿ ಉತ್ತರ ತಿದ್ದಿಕೊಳ್ಳಬಹುದು. ಭಾನುವಾರದ ದಾರಿ ಬದಲಾದೀತು, ಶಾಲೆಯೂ ಬದಲಾದೀತು. ಮೊದಲನೆಯದರ ಉತ್ತರ ಮಾತ್ರ ಮದುವೆಯ ದಿನಕ್ಕೆ ಮುಂಚೆಯೇ ಸಿದ್ಧವಾಗಿರಬೇಕು. ಅದನ್ನು ಅವನ ಅತ್ತಿಗೆಯನ್ನೋ ಅವಳ ಗೆಳತಿಯನ್ನೋ ಕೇಳಿ ತಿಳಿಯುವುದಲ್ಲ. ೧೯೮೮, ೨೦೦೯, ೨೦೧೭, ೨೦೨೧ ಎಂದು ಹೆಜ್ಜೆಹೆಜ್ಜೆಗೂ ಕಟ್ಟಳೆ ತಿರುಗಿದ ಈ ವಿಷಯದಲ್ಲಿ, ಅಣ್ಣನ ಮದುವೆಯಲ್ಲಿ ನಡೆದುದು ತಮ್ಮನ ಮದುವೆಗೆ ಪ್ರಮಾಣವಾಗಲಾರದು. ಕೇಳಬೇಕಾದ ಸ್ಥಳ ಆ ಊರಿನ ಧರ್ಮಾಧ್ಯಕ್ಷರ ಕಚೇರಿ; ಪಡೆಯಬೇಕಾದುದು ಬರವಣಿಗೆಯ ಉತ್ತರ. ಅಲ್ಲಿಗೆ ಅವಳೊಬ್ಬಳೇ ಅಳುಕುತ್ತ ಹೋಗುವುದು ಬೇಡ, ಅವನೊಬ್ಬನೇ ವಾದಕ್ಕೆ ಸಿದ್ಧನಾಗಿ ಹೋಗುವುದೂ ಬೇಡ. ಇಬ್ಬರೂ ಕೂಡಿಯೇ ಹೋಗಲಿ.